ತೆರಬಂಡಿಯೂ ಆಟದ ಕಾರೂ

ಬೀಳಗಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ರಿಮೋಟ್ ಕಾರಿತ್ತು. ಪರೀಕ್ಷೆ ಮುಗಿಸಿ ಬನಹಟ್ಟಿಗೆ ಹೋದ ನಮ್ಮ ವಿದ್ಯಾರ್ಥಿಯೊಬ್ಬ ಅದನ್ನು ಪ್ರಯೋಗಾಲಯದಲ್ಲೇ ಬಿಟ್ಟಿದ್ದ. ಮರೆತು ಬಿಟ್ಟದ್ದಲ್ಲ, ಬೇಸರದಿಂದ ಬಿಟ್ಟದ್ದು.

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ಪುಟ್ಟ ಕಾರುಗಳ ಓಟವಿಟ್ಟಿದ್ದೆವು. ಇಟ್ಟಿಗೆಗಳ ನಡುವೆ ಕಾರು ತಿರುಗಿಸಲು ಈ ಹುಡುಗ ತಿಂಗಳುಗಟ್ಟಲೆ ಬೆರಳು ಪಳಗಿಸಿದ್ದ. ಗೆದ್ದದ್ದು ಮಾತ್ರ ಗೈರೋ ಅಳವಡಿಸಿದ ಇನ್ನೊಂದು ಕಾರು. ನಿರ್ಣಾಯಕ ನಾನೇ.

ಸಾಮಾನ್ಯ ವಿದ್ಯುತ್ ಕಾರಿನಲ್ಲಿ ಮುಂಗಾಲಿ ತಿರುಗಿಸಲು ಒಂದು ಸರ್ವೋ ಮೋಟಾರು ಇರುತ್ತದೆ; ವೇಗಕ್ಕೆ ಇಲೆಕ್ಟ್ರಾನಿಕ್ ನಿಯಂತ್ರಕ. ಇಂಧನದ ಕಾರಿಗಾದರೆ ವೇಗ ಮತ್ತು ಬ್ರೇಕಿಗೆ ಇನ್ನೊಂದು ಸರ್ವೋ ಬೇಕು. ಗೈರೋ ಎಂಬುದು ಕಾರಿನ ಹಿಂಭಾಗ ಜಾರಿದ್ದನ್ನು ಕ್ಷಣದಲ್ಲಿ ಅರಿತು, ಚಾಲಕನ ಬೆರಳಿಗಿಂತ ಮೊದಲೇ ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಅಮೆರಿಕದ ಪುಟ್ಟ ಕಾರು ಓಟದ ಸಂಸ್ಥೆ 'ರೋರ್' ತನ್ನ ಸ್ಪರ್ಧೆಗಳಲ್ಲಿ ಇಂಥ ಗೈರೋ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಎರಡನ್ನೂ ನಿಷೇಧಿಸಿದೆ. ಫಾರ್ಮುಲಾ ಒನ್ ಕೂಡ 1994ರಲ್ಲಿ ಚಾಲಕ ನೆರವುಗಳನ್ನು ತೆಗೆದುಹಾಕಿತ್ತು. ನಾವು ಮಾತ್ರ ನಿಯಮವನ್ನೇ ಬರೆದಿರಲಿಲ್ಲ.

ರನ್ನನ ಮುಧೋಳ ದಾಟುವಾಗ ಬಸ್ಸು ಜನಜಂಗುಳಿಯಲ್ಲಿ ನಿಂತಿತು. ಜಾತ್ರೆಯ ತೆರಬಂಡಿ ಶರ್ಯತ್ತು! ಇಳಿದುಬಿಟ್ಟೆ. ಉರುಳದಂತೆ ಚಕ್ರ ಬಿಗಿದ ಬಂಡಿಯನ್ನು ಜೋಡಿ ಎತ್ತುಗಳು ಎಳೆಯಬೇಕು. ಗೊತ್ತಾದ ಸಮಯದಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಉರುಳು ಘರ್ಷಣೆಗಿಂತ ಜಾರು ಘರ್ಷಣೆ ಎಷ್ಟು ಹೆಚ್ಚೆಂಬುದನ್ನು ಕಪ್ಪು ಹಲಗೆಗಿಂತ ಈ ಕರಿಮಣ್ಣೇ ಚೆನ್ನಾಗಿ ಕಲಿಸುತ್ತದೆ.

ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಬಾರುಕೋಲಿನ ಬಗ್ಗೆ ಕೇಳಿದೆ. "ಮೊಳಿ ಚುಚ್ಚಿ ಓಡಿಸಿದ್ರ ಎತ್ತ ಗೆದ್ದಂಗಲ್ಲ ಸರ್, ಮೊಳಿ ಗೆದ್ದಂಗ" ಎಂದರು.

ಈ ಮಾತಿನ ಹಿಂದೆ ದೊಡ್ಡ ವ್ಯಾಜ್ಯವೇ ನಡೆದಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಲ್ಲಿಸಿತು. ಪ್ರಾಣಿಗೆ ಅನಗತ್ಯ ನೋವಾಗಬಾರದೆಂಬ ಷರತ್ತಿನೊಡನೆ ಕಂಬಳ ಹಾಗೂ ಎತ್ತಿನಗಾಡಿ ಓಟಕ್ಕೆ ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕ 2017ರಲ್ಲಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು.

ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಬಿಸಿಲೇರುವ ಹೊತ್ತಿಗೆ ಬನಹಟ್ಟಿ ತಲುಪಿದೆ. ಓಣಿಯ ತುಂಬ ಮಗ್ಗದ ಸದ್ದು. ಹುಡುಗನ ತಂದೆಯೂ ನೇಕಾರರು. ನಾನು ತಪ್ಪೊಪ್ಪಿಕೊಂಡು, ಇನ್ನು ಮುಂದೆ ಗೈರೋವನ್ನೇ ನಿಷೇಧಿಸುತ್ತೇನೆಂದೆ.

ಅವರು ನಕ್ಕರು. "ನಿಷೇಧ ಯಾಕ್ರಿ? ಕೈಮಗ್ಗದ ಸೀರಿನೂ ಸೀರಿ, ವಿದ್ಯುತ್ ಮಗ್ಗದ್ದೂ ಸೀರಿ. ಒಂದರ ಹೆಸರಿನ್ಯಾಗ ಇನ್ನೊಂದನ್ನ ಮಾರಬಾರದು, ಅಷ್ಟ."

ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆ ಇದಕ್ಕಿಂತ ಬಿಗಿಯಾದದ್ದು. ಯಂತ್ರದ ನೆರವು ಪಾಪವಲ್ಲ; ಗೈರೋ ಜೋಡಿಸಿದ ಹುಡುಗನೂ ಏನೋ ಕಲಿತಿದ್ದಾನೆ. ಆದರೆ ಬೆರಳಿನ ಪಳಗುವಿಕೆಯನ್ನೂ ತಂತ್ರದ ಜಾಣ್ಮೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನ್ನ ತಪ್ಪು. ಮುಂದಿನ ವರ್ಷ ಓಟ ಎರಡು ವಿಭಾಗಗಳಲ್ಲಿ ನಡೆಯುತ್ತದೆ, ನಿಯಮ ಮೊದಲೇ ಗೋಡೆಯ ಮೇಲಿರುತ್ತದೆ.

ಕಾರನ್ನು ಹುಡುಗನ ಕೈಗಿತ್ತೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಎರಡೂ ವಿಭಾಗಕ್ಕ ಹೆಸರು ಕೊಡಬಹುದಾ?"