ಕುಚಿಂಗ್‌ನಿಂದ ಕೋಟಾ ಕಿನಾಬಾಲುವಿಗೆ

ಬೋರ್ನಿಯೊ ದ್ವೀಪದ ಈ ಎರಡು ಊರುಗಳ ನಡುವೆ ಆಕಾಶದಲ್ಲಿ ಸುಮಾರು 800 ಕಿ.ಮೀ., ಹೆಚ್ಚುಕಮ್ಮಿ ನಮ್ಮ ಬೆಂಗಳೂರು-ಮುಂಬೈ ಅಷ್ಟೇ. ವಿಮಾನಕ್ಕೆ ಒಂದೂವರೆ ಗಂಟೆ ಸಾಕು. ರಸ್ತೆ ಹಿಡಿದರೆ 1,000 ಕಿ.ಮೀ. ದಾಟುತ್ತೆ. ನಡುವೆ ಬ್ರೂನೈ ದೇಶ ಬೇರೆ ಅಡ್ಡ ಬರುತ್ತೆ, ಗಡಿ ಸಿಕ್ಕಲ್ಲೆಲ್ಲ ಪಾಸ್‌ಪೋರ್ಟ್ ತೋರಿಸಬೇಕು. ಅದಕ್ಕೇ ನಾವು ವಿಮಾನ ಹತ್ತೋದು.

ಒಂದೇ ದೇಶ ತಾನೇ ಅಂತ ಪಾಸ್‌ಪೋರ್ಟ್ ರೂಮಿನಲ್ಲೇ ಬಿಟ್ಟು ಹೊರಡಬೇಡಿ. 1963ರಲ್ಲಿ ಮಲೇಷ್ಯಾ ರಚನೆಯಾದಾಗಲೇ ಸರವಾಕ್, ಸಬಾ ಎರಡೂ ವಲಸೆ ನಿಯಂತ್ರಣವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡವು. ಹಾಗಾಗಿ ಕೋಟಾ ಕಿನಾಬಾಲುವಿನಲ್ಲಿ ಇಳಿದ ಮೇಲೂ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು. ಸರವಾಕ್‌ನ ಕೆಲಸದ ಪರ್ಮಿಟ್ ಸಬಾದಲ್ಲಿ ನಡೆಯಲ್ಲ.

ಮೇಸ್ತ್ರಿ "ನಾಲ್ಕು ದಿನ ಅಲ್ಲಿ ಕೆಲಸ ಮಾಡ್ಕೊಂಡು ಬಾ" ಅಂದರೆ, ಟಿಕೆಟ್‌ಗೆ ಮೊದಲು ಅಲ್ಲಿನ ಪರ್ಮಿಟ್ ಕೇಳೋಣ. ಸಿಕ್ಕಿಬಿದ್ದರೆ ಕೆಲಸ ಕಳೆದುಕೊಳ್ಳೋರು ನಾವೇ.