ಎರೆನಾಡಿನ ಹಾದಿಯಲ್ಲಿ ಮುದಿ ಗಾಡಿ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಧಾರವಾಡವನ್ನು ಬಿಟ್ಟು ಬೆಳಗಾವಿಯ ಕಡೆಗೆ ಸಾಗುವ ಪ್ರಯಾಣಿಕನಿಗೆ ಕಿತ್ತೂರು ಮೊದಲು ಒಂದು ಹೆಸರಾಗಿ ಎದುರಾಗುತ್ತದೆ. ಊರಾಗಿ ಕಾಣುವುದು ಆ ಮೇಲೆ. 1824ರ ಅಕ್ಟೋಬರ 23ರಂದು ರಾಣಿ ಚೆನ್ನಮ್ಮನ ಸೈನ್ಯವು ಕಂಪನಿ ಸರಕಾರದ ಠಾಕರೆಯನ್ನು ಕೆಡವಿದ ಆ ಕೋಟೆ ಇಂದು ಮುರಿದ ಗೋಡೆಗಳಾಗಿ ನಿಂತಿದೆ. ಅಲ್ಲಿಂದ ಹೆದ್ದಾರಿಯನ್ನು ಬಿಟ್ಟು, ಮಲಪ್ರಭೆಯನ್ನು ದಾಟಿ ಈಶಾನ್ಯಕ್ಕೆ ನಡೆದರೆ ಬೈಲಹೊಂಗಲ. ರಾಣಿಯು 1829ರಲ್ಲಿ ಸೆರೆಯಲ್ಲಿಯೇ ದೇಹಬಿಟ್ಟ ಊರು ಅದು. ಆಕೆಯ ಸಮಾಧಿಯೂ ಅಲ್ಲಿಯೇ ಇದೆ. ಮುಂದೆ ಸವದತ್ತಿ, ಅದರಾಚೆ ರಾಮದುರ್ಗ. ಮಲೆನಾಡಿನ ಸೆರಗಿನಿಂದ ಹೊರಟ ಹಾದಿಯು ಬಯಲುಸೀಮೆಯ ಒಣ ಎದೆಯವರೆಗೆ ಹೋಗಿ ಮುಟ್ಟುತ್ತದೆ.

ಈ ಹಾದಿಯಲ್ಲಿ ಒಂದು ಕಾಲಕ್ಕೆ ಚಕ್ಕಡಿಗಳದೇ ರಾಜ್ಯ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯು ನಮ್ಮ ದೇಶದಲ್ಲಿ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ನಾಲ್ಕು ಗಾಲಿಗೂ ಬಲವಿರುವ ಗಾಡಿಯ ಪರಿಚಯ ಹಳ್ಳಿಗಳಿಗೂ ಆಯಿತು. ಜೀಪಿನಲ್ಲಿ ಗಟ್ಟಿತನವಿತ್ತು, ಸುಖವಿರಲಿಲ್ಲ. 1970ರಲ್ಲಿ ಇಂಗ್ಲೆಂಡಿನ ರೇಂಜ್ ರೋವರ್ ಆ ಗಟ್ಟಿತನಕ್ಕೆ ಕಾರಿನ ಸುಖವನ್ನು ಕೂಡಿಸಿತು. ಅದರ ವಂಶದ ಎತ್ತರದ, ಭಾರದ, ಮೆತ್ತನೆಯ ಗಾಡಿಗಳು ಈಗ ಎಸ್‌ಯುವಿ ಎಂಬ ಹೆಸರಿನಿಂದ ಎಲ್ಲೆಡೆ ಓಡುತ್ತಿವೆ. ಅವು ದೊಡ್ಡ ನಗರಗಳಲ್ಲಿ ಹತ್ತು ಹನ್ನೆರಡು ವರ್ಷ ದುಡಿದು, ಬೆಲೆ ಇಳಿದ ಮೇಲೆ ಸಣ್ಣ ಊರುಗಳಿಗೆ ಬರುತ್ತವೆ.

ಬೈಲಹೊಂಗಲದ ಸಮೀಪದ ಹಳ್ಳಿಯ ರೈತನೊಬ್ಬನು ಇಂತಹ ಹನ್ನೆರಡು ವರ್ಷದ ಗಾಡಿಯನ್ನು ಕೊಂಡನೆಂದು ಭಾವಿಸೋಣ. ಒಂದು ಕಾಲಕ್ಕೆ ಶ್ರೀಮಂತರ ಅಂಗಳದಲ್ಲಿ ನಿಂತಿದ್ದ ವಾಹನವು ಹೊಸ ಸಣ್ಣ ಕಾರಿನ ಬೆಲೆಗೆ ದೊರೆತರೆ ಯಾರ ಮನಸ್ಸು ಹಿಗ್ಗದು? ಆದರೆ ಆ ಹಿಗ್ಗಿನ ಹಿಂದೆ ಒಂದು ಲೆಕ್ಕ ಅಡಗಿದೆ. ಗಾಡಿಯ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಆನೆ ಅಗ್ಗಕ್ಕೆ ಸಿಕ್ಕೀತು, ಮೇವು ಆನೆಯದೇ.

ಇನ್ನೊಂದು ಚಿಂತೆಯೂ ಉಂಟು. ಕೆಲವು ಗಾಡಿಗಳಿಗೆ ತವರೇ ಇಲ್ಲವಾಗಿದೆ. ಜಪಾನಿನ ಪಜೆರೊ ಗಾಡಿಯ ತಯಾರಿಕೆಯು 2021ರಲ್ಲಿ ಕೊನೆಗೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪನಿಯು ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಸಾರಿದಾಗ ಎಂಡೆವರ್ ಗಾಡಿಯ ಒಡೆಯರೆಲ್ಲ ಬಿಡಿಭಾಗಗಳ ಗತಿಯೇನೆಂದು ಯೋಚಿಸುವಂತಾಯಿತು. ಕೊಳ್ಳುವವನು ಗಾಡಿಯ ಮೈಬಣ್ಣಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನೇ: ಅದರ ಭಾಗಗಳು ಎಲ್ಲಿ ಸಿಗುತ್ತವೆ, ಅದನ್ನು ಬಿಚ್ಚಬಲ್ಲ ಕೈ ಎಷ್ಟು ದೂರದಲ್ಲಿದೆ?

ರೈತನ ಮನೆಯಲ್ಲಿ ಮುದಿತಾಯಿ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಕು, ಅಲ್ಲಿಂದ ರಾಮದುರ್ಗದಲ್ಲಿರುವ ಮಗಳ ಮನೆಗೆ ಹೋಗಬೇಕೆಂದು ಆಕೆಯ ಹಂಬಲ. ಕಾಲು ನಡೆಯಲೊಲ್ಲವು, ಬಸ್ಸಿನ ಮೆಟ್ಟಿಲು ಎತ್ತರ. ಗಾಡಿಯ ಮೇಲೆ ಎಷ್ಟು ನಂಬಿಕೆ ಇಡಬಹುದೆಂಬ ಪ್ರಶ್ನೆ ಹೀಗೆ ಮನೆಯೊಳಗಿನ ಪ್ರಶ್ನೆಯೇ ಆಗಿಬಿಡುತ್ತದೆ. ಅವನು ಗಾಡಿಯನ್ನು ಪೇಟೆಯ ಮಿಸ್ತ್ರಿಯ ಮುಂದೆ ನಿಲ್ಲಿಸುತ್ತಾನೆ.

ಮಿಸ್ತ್ರಿಯು ಮೊದಲು ಗಾಡಿಯ ಕೆಳಗೆ ತೂರುತ್ತಾನೆ. ಎರೆಮಣ್ಣಿನ ಗುಣವನ್ನು ಬಲ್ಲವನು ಅವನು. ನೀರು ಕುಡಿದಾಗ ಉಬ್ಬಿ ಅಂಟುವ, ಆರಿದಾಗ ಕಲ್ಲಾಗುವ ಈ ಮಣ್ಣು ಹತ್ತಿಗೂ ಜೋಳಕ್ಕೂ ತಾಯಿ. ಕಬ್ಬಿಣಕ್ಕೆ ಮಾತ್ರ ಹಗೆ. ಗಾಲಿಯ ಒಳಮಗ್ಗುಲಲ್ಲಿ ಅದು ಹೆಪ್ಪುಗಟ್ಟಿ ಕುಳಿತರೆ ಗಾಲಿಯ ತೂಕ ತಪ್ಪಿ ಸ್ಟೀರಿಂಗು ನಡುಗುತ್ತದೆ. ಒಳಗೆ ತೇವವನ್ನು ಹಿಡಿದಿಟ್ಟು ತುಕ್ಕನ್ನು ಬೆಳೆಸುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಧೂಳಾಗಿ ಗಾಳಿಯ ಫಿಲ್ಟರನ್ನು ಕಟ್ಟುತ್ತದೆ. ನಗರದ ಗಾಡಿಗೆ ಬರೆದ ಫಿಲ್ಟರಿನ ಅವಧಿಯು ಹೊಲದ ದಾರಿಗೆ ಸಲ್ಲದು. ಮಳೆಗಾಲ ಮುಗಿದೊಡನೆ ಅಡಿಭಾಗವನ್ನು ತೊಳೆಸುವುದು ಅಲಂಕಾರವಲ್ಲ, ಆಯುಷ್ಯ.

ಆ ಮೇಲೆ ರಬ್ಬರು. ಲೋಹವು ಓಟದಿಂದ ಸವೆದರೆ ರಬ್ಬರು ಬರಿಯ ವರ್ಷಗಳಿಂದಲೇ ಸಾಯುತ್ತದೆ. ಎಂಜಿನ್ನಿನ ಟೈಮಿಂಗ್ ಬೆಲ್ಟು, ನೀರಿನ ಕೊಳವೆಗಳು, ಕೆಲವು ಐಷಾರಾಮಿ ಗಾಡಿಗಳನ್ನು ಸ್ಪ್ರಿಂಗಿನ ಬದಲು ಎತ್ತಿಹಿಡಿಯುವ ಗಾಳಿಯ ಚೀಲಗಳು, ಇವೆಲ್ಲ ಅದೇ ಜಾತಿ. ಬೆಲ್ಟು ಹರಿದರೆ ಅನೇಕ ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಇಡೀ ಯಂತ್ರವೇ ಹಾಳಾಗುತ್ತದೆ. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ಹುಟ್ಟಿದ್ದು. ಹಲ್ಲುಗಳು ಎಷ್ಟು ಚೆನ್ನಾಗಿದ್ದರೂ ಅಂತಹ ಟಯರನ್ನು ನಂಬಿ ಹೆದ್ದಾರಿಗೆ ಇಳಿಯಬಾರದು.

ಮಿಸ್ತ್ರಿಯ ಪಟ್ಟಿ ಉದ್ದವಾಗುತ್ತದೆ. ರೈತನ ಮುಖ ಸಣ್ಣದಾಗುತ್ತದೆ. ಛಾವಣಿಯ ಗಾಜಿನ ಕಿಟಕಿ ತೆರೆಯದು, ಸೀಟಿನ ಮೋಟಾರು ತಿರುಗದು, ಬ್ರೇಕಿನ ಎಣ್ಣೆ ಕಪ್ಪಾಗಿದೆ, ರೇಡಿಯೇಟರು ಒಸರುತ್ತಿದೆ. ಎಲ್ಲಕ್ಕೂ ಹಣವಿಲ್ಲ.

“ಗೌಡ್ರ,” ಎನ್ನುತ್ತಾನೆ ಮಿಸ್ತ್ರಿ, “ರೊಕ್ಕ ಕಡಿಮಿ ಇದ್ರ ಮೊದ್ಲ ನಿಲ್ಲೂದಕ್ಕ ಖರ್ಚ ಮಾಡ್ರಿ. ಓಡೂದಕ್ಕ ಆಮ್ಯಾಲ. ಮೆರಿಯೂದಕ್ಕ ಕಡೀಕ.”

ಇಷ್ಟು ಚಿಕ್ಕ ಮಾತಿನಲ್ಲಿ ಮುದಿ ಗಾಡಿಯ ಶಾಸ್ತ್ರವೆಲ್ಲ ಅಡಗಿದೆ. ಬ್ರೇಕು, ಟಯರು, ಸ್ಟೀರಿಂಗು ಮೊದಲ ಸಾಲು. ಬೆಲ್ಟು, ಎಣ್ಣೆಗಳು, ತಂಪಿನ ನೀರು ಎರಡನೆಯದು. ಗಾಜಿನ ಕಿಟಕಿ, ಸೀಟಿನ ಸುಖ ಕೊನೆಯದು. ಈ ಕ್ರಮವನ್ನು ತಿರುಗಿಸಿದವನ ಗಾಡಿಯು ಹೊಳೆಯುತ್ತಲೇ ದಾರಿಯಲ್ಲಿ ನಿಲ್ಲುತ್ತದೆ.

ಈ ಕ್ರಮದ ಪರೀಕ್ಷೆ ನಡೆಯುವುದು ಯಲ್ಲಮ್ಮನ ಗುಡ್ಡದಲ್ಲಿ. ಹುಣ್ಣಿಮೆಯ ದಿನ ‘ಉಧೋ ಉಧೋ’ ಎಂಬ ಘೋಷದ ನಡುವೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳು ಒಂದರ ಬೆನ್ನಿಗೊಂದು ಏರುತ್ತವೆ. ಜನಸಂದಣಿಯಲ್ಲಿ ಆಮೆಯ ನಡಿಗೆಯಿಂದ ಏರುವಾಗ ಎದುರುಗಾಳಿಯಿಲ್ಲ; ಎಂಜಿನ್ನು ಕಾಯುತ್ತದೆ. ರೇಡಿಯೇಟರಿನ ಸಂದುಗಳಲ್ಲಿ ಮಣ್ಣು ತುಂಬಿದ್ದರೆ ಕಾವಿನ ಮುಳ್ಳು ಕೆಂಪುಗೆರೆಯತ್ತ ಸರಿಯುತ್ತದೆ. ಇಳಿಯುವಾಗ ಅಪಾಯ ಬೇರೆ. ಬ್ರೇಕಿನ ಎಣ್ಣೆಯು ವರ್ಷ ಕಳೆದಂತೆ ಗಾಳಿಯ ತೇವವನ್ನು ಹೀರುತ್ತದೆ. ಬ್ರೇಕು ಬಿಸಿಯಾದಾಗ ಆ ನೀರು ಕುದಿದು ಆವಿಯಾಗುತ್ತದೆ. ಒತ್ತಿದ ಪೆಡಲು ಹತ್ತಿಯ ಮೂಟೆಯಂತೆ ಕುಸಿಯುತ್ತದೆ. ಆದ್ದರಿಂದಲೇ ಎರಡು ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ಬದಲಿಸುವುದು ವಾಡಿಕೆ. ಎರಡು ಟನ್ನಿಗೂ ಮೀರಿ ತೂಗುವ ಗಾಡಿಯನ್ನು ಬರಿಯ ಬ್ರೇಕಿನಿಂದಲ್ಲ, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಬಿಗಿಯಿಂದ ಇಳಿಸುವುದೇ ಜಾಣತನ.

ಸವದತ್ತಿಯನ್ನು ಬಿಟ್ಟರೆ ನವಿಲುತೀರ್ಥದ ನೆನಪು ಬಾರದಿರದು. ಮಲಪ್ರಭೆಯು ಗುಡ್ಡವನ್ನು ಸೀಳಿ ಹೊರಡುವ ಆ ಕಣಿವೆಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ಇದೇ ಹೊಳೆಯು 2019ರ ಆಗಸ್ಟಿನಲ್ಲಿ ಉಕ್ಕಿ ರಾಮದುರ್ಗವನ್ನು ನುಗ್ಗಿತು. ನೆರೆಯಲ್ಲಿ ಮುಳುಗಿದ ಗಾಡಿಯನ್ನು ಕಂಡ ಒಡೆಯನು ಮೊದಲು ಮಾಡುವ ತಪ್ಪೆಂದರೆ ಕೀಲಿ ತಿರುಗಿಸುವುದು. ನೀರು ಗಾಳಿಯಂತೆ ಒತ್ತಡಕ್ಕೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ಅದಿದ್ದರೆ ಪಿಸ್ಟನ್ನಿನ ಉಕ್ಕಿನ ದಂಡವೇ ಬಾಗುತ್ತದೆ. ಕೊಳ್ಳುವವನು ಸೀಟಿನ ಕಂಬಿಗಳ ತುಕ್ಕನ್ನೂ ಕಾರ್ಪೆಟ್ಟಿನ ಕೆಳಗಿನ ಕೆಸರನ್ನೂ ನೋಡಬೇಕು. ಗಾಲಿಯ ಗೇರುಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬಿಳುಪಾಗಿದ್ದರೆ ಒಳಗೆ ನೀರು ಹೊಕ್ಕಿದೆಯೆಂದೇ ತಿಳಿಯಬೇಕು.

ಕಾಗದಪತ್ರಗಳ ಲೆಕ್ಕವೂ ಇದೆ. ಸ್ವಂತ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಷ್ಯ; ಆ ಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿಗಳಿದ್ದ ನವೀಕರಣದ ಶುಲ್ಕವನ್ನು 2022ರ ಏಪ್ರಿಲಿನಲ್ಲಿ 5,000ಕ್ಕೆ ಏರಿಸಲಾಯಿತು. ‘ಕೆಎ 24’ ಎಂಬ ಫಲಕವನ್ನು ಕೊಡುವ ಬೈಲಹೊಂಗಲದ ಸಾರಿಗೆ ಕಚೇರಿಯ ಮೆಟ್ಟಿಲನ್ನು ನಮ್ಮ ರೈತನೂ ಮೂರು ವರ್ಷದಲ್ಲಿ ಏರಬೇಕಾದೀತು. ಅಂದು ಗಾಡಿಯ ಪರವಾಗಿ ಸಾಕ್ಷಿ ಹೇಳುವುದು ಅದರ ಹೊಳಪಲ್ಲ, ಈ ಮೂರು ವರ್ಷದ ಆರೈಕೆ.

ಅವನು ಮಿಸ್ತ್ರಿಯ ಮಾತಿನಂತೆ ನಡೆಯುತ್ತಾನೆ. ಗಾಜಿನ ಕಿಟಕಿ ಮುಚ್ಚಿಯೇ ಉಳಿಯುತ್ತದೆ. ನಾಲ್ಕು ಟಯರೂ ಬ್ರೇಕಿನ ಎಣ್ಣೆಯೂ ಬೆಲ್ಟೂ ಹೊಸದಾಗುತ್ತವೆ. ಒಸರುವ ರೇಡಿಯೇಟರು ರಿಪೇರಿಯಾಗುತ್ತದೆ. ಹುಣ್ಣಿಮೆಯ ನಸುಕಿನಲ್ಲಿ ತಾಯಿಯನ್ನು ಕೈಹಿಡಿದು ಹತ್ತಿಸುವಾಗ ಆಕೆ ಮೆತ್ತನೆಯ ಸೀಟನ್ನೂ ನೋಡುವುದಿಲ್ಲ, ಗಾಜಿನ ಛಾವಣಿಯನ್ನೂ ನೋಡುವುದಿಲ್ಲ. ಚಕ್ಕಡಿಯ ಕಾಲದಲ್ಲಿ ಆಕೆಯ ತಂದೆಯು ಹೊರಡುವ ಮುನ್ನ ಕೇಳುತ್ತಿದ್ದ ಮಾತನ್ನೇ ಕೇಳುತ್ತಾಳೆ:

“ತಮ್ಮಾ, ಕೀಲಿಗೆ ಎಣ್ಣಿ ಹಾಕೀಯಿಲ್ಲೋ?”

“ಹಾಕೇನ್ ಬೇ,” ಎನ್ನುತ್ತಾನೆ ಮಗ. ಗಾಡಿಯು ಸವದತ್ತಿಯ ದಾರಿ ಹಿಡಿಯುತ್ತದೆ.