ಒಣಗಿದ ರಬ್ಬರ್ ಹುಳು

ಹೋದ ತಿಂಗಳು ಅಟ್ಟದಿಂದ ಗಾಳದ ಡಬ್ಬಿ ಇಳಿಸಿದೆ. ಎರಡು ವರ್ಷದ ಹಿಂದೆ ಬೆರಳಲ್ಲಿ ಹಿಡಿದರೆ ಬಳುಕುತ್ತಿದ್ದ ರಬ್ಬರ್ ಹುಳುಗಳು ಒಣಮೆಣಸಿನಕಾಯಿಯಂತೆ ಸೆಟೆದು ಬಿದ್ದಿದ್ದವು. ಎರಡು ರಬ್ಬರ್ ಕಪ್ಪೆಗಳು ಕರಗಿ ಡಬ್ಬಿಯ ತಳಕ್ಕೇ ಅಂಟಿದ್ದವು. ಒಂದರ ಹಸಿರು ಪಕ್ಕದ ಬಿಳಿ ಮೀನುಮರಿಗೆ ಹತ್ತಿತ್ತು. ನೋಡಿ ಸಂಕಟವಾಯಿತು.

ದೊಡ್ಡಪ್ಪ ಬದುಕಿದ್ದಿದ್ದರೆ ಏನನ್ನುತ್ತಿದ್ದರೋ. ಹೊಸೂರಿನ ಬಳಿಯ ತಳಿ ಊರಿನ ಕಡೆಯ ಕೆರೆಗಳಿಗೆ ಅವರು ಬಿದಿರುಕೋಲು ಹಿಡಿದು ಹೊರಟರೆ ಹಿಂದೆ ನಾನು. ಹೊಲದ ಬದುವಿನಲ್ಲಿ ಎರೆಹುಳು ಅಗೆದು, ತೆಂಗಿನ ಚಿಪ್ಪಿಗೆ ಒದ್ದೆ ಮಣ್ಣಿನ ಸಮೇತ ತುಂಬಿ ನನ್ನ ಕೈಗೆ ಕೊಡುವರು. “ಮಣ್ಣು ಆರದಂಗೆ ನೋಡ್ಕೊ ಮಗಾ, ಹುಳ ಸತ್ರೆ ಮೀನು ಮೂಸಲ್ಲ.” ಹುಳು ಸಿಗದ ದಿನ ಬೆಳಗಿನ ರಾಗಿಮುದ್ದೆಯಲ್ಲೇ ಒಂದು ಚೂರು ಮುರಿದು ಗಾಳಕ್ಕೆ ಮೆತ್ತುವರು.

ರಬ್ಬರ್ ಹುಳುವಿಗೂ ಆರದ ಮಣ್ಣು ಬೇಕು. ಅದರ ತೇವ ನೀರಲ್ಲ, ಎಣ್ಣೆ. ರಬ್ಬರ್ ಎಂದು ನಾವು ಕರೆದರೂ ಅದು ಪಿವಿಸಿ. ನಮ್ಮ ಬೋರ್‌ವೆಲ್‌ನಿಂದ ತೋಟಕ್ಕೆ ನೀರು ಹೊರುವ ಪೈಪೂ ಅದೇ ವಸ್ತು. ಪೈಪು ಬಗ್ಗುವುದಿಲ್ಲ, ಹುಳು ಬಳುಕುತ್ತದೆ; ಹುಳುವಿನೊಳಗೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ತುಂಬಿರುತ್ತದೆ. 1949ರಲ್ಲಿ ಅಮೆರಿಕದ ಆಕ್ರನ್ ಊರಿನ ನಿಕ್ ಕ್ರೀಮ್, ಹೆಂಡತಿ ಕಾಸ್ಮಾ ಜೊತೆ ಸೇರಿ ಇಂಥ ಮೆತ್ತನೆಯ ಹುಳುವನ್ನು ತಯಾರಿಸಿದರು. ಪ್ಲಾಸ್ಟಿಸೈಸರ್ ದ್ರವ ಹುಳುವಿನಲ್ಲಿ ನಿಲ್ಲದೆ ಮೆಲ್ಲಗೆ ಹೊರಗೆ ಜಿನುಗುತ್ತದೆ. ಬಿಸಿಲು ಬಿದ್ದರೆ ಇನ್ನೂ ಬೇಗ. ಹೊಸೂರಿನ ತಂಪಿನಲ್ಲಿ ತಾಳಿಕೊಂಡ ಹುಳು, ಘಟ್ಟ ಇಳಿದು ಕೃಷ್ಣಗಿರಿ ಅಣೆಕಟ್ಟಿನ ಬಳಿ ಮಧ್ಯಾಹ್ನವೆಲ್ಲ ಬೈಕಿನ ಪೆಟ್ಟಿಗೆಯಲ್ಲಿ ಬೆಂದರೆ ತಾಳುವುದಿಲ್ಲ.

ಜಿನುಗಿದ ದ್ರವ ಪಾಲಿಸ್ಟೈರೀನ್ ಡಬ್ಬಿಯನ್ನು ತಿನ್ನುತ್ತದೆ. ನನ್ನ ಕಪ್ಪೆಗಳಿಗೆ ಆದದ್ದು ಅದೇ. ಡಬ್ಬಿಯ ತಳ ತಿರುಗಿಸಿ ನೋಡಿ: ತ್ರಿಕೋನದೊಳಗೆ 6 ಎಂದಿದ್ದರೆ ಬೇಡ, 5 ಅಥವಾ 2 ಇದ್ದರೆ ಭಯವಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಹುಳು ಬಂದ ಕವರೇ. ಗಾಳಿ ಒತ್ತಿ ತೆಗೆದು, ಜಿಪ್ ಎಳೆದು, ಕತ್ತಲಲ್ಲಿ ಇಡಿ. ಬಣ್ಣ ಬಣ್ಣ ಬೆರೆಸಬೇಡಿ. ಹಿಗ್ಗಿಸಿದಷ್ಟೂ ಹಿಗ್ಗುವ, ಟಿಪಿಇ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಹುಳುಗಳನ್ನು ಪಿವಿಸಿ ಹುಳುಗಳ ಹತ್ತಿರವೂ ಸೇರಿಸಬೇಡಿ. ಎರಡೂ ಕರಗಿ ಒಂದಾಗುತ್ತವೆ. ಗಾಳ ಚುಚ್ಚಿದ ಹುಳುವನ್ನು ಹಾಗೇ ಎತ್ತಿಟ್ಟರೆ ತುಕ್ಕು ಹತ್ತುತ್ತದೆ.

ಒಣಗಿದ್ದನ್ನು ಉಳಿಸುವುದು ಹೇಗೆ? ಬಾಲ ಬರೀ ಸೊಟ್ಟಗಾಗಿದ್ದರೆ ಸುಲಭ. ಒಲೆಯಿಂದ ಇಳಿಸಿದ ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಿದರೆ ಆಕಾರ ನಿಲ್ಲುತ್ತದೆ. ಅರೆಬರೆ ಗಟ್ಟಿಯಾದವನ್ನು ಅದೇ ಜಾತಿಯ, ಅದೇ ಬಣ್ಣದ ಹೊಸ ಹುಳುಗಳ ಜೊತೆ ಒಂದೇ ಕವರಿನಲ್ಲಿ ಕೆಲವು ವಾರ ಬಿಡಿ. ಹೊಸದರ ಎಣ್ಣೆ ಹಳೆಯದಕ್ಕೆ ಸ್ವಲ್ಪ ಇಳಿಯುತ್ತದೆ. ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಹನಿ ಸವರಿದರೆ ಒಂದಕ್ಕೊಂದು ಅಂಟುವುದಿಲ್ಲ, ಆದರೆ ಅದು ಪಿವಿಸಿಯ ಒಳಕ್ಕೆ ಇಳಿಯದು. ತೆಂಗಿನೆಣ್ಣೆ ನಮ್ಮ ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಕಮಟುತ್ತದೆ. ಪೂರ್ತಿ ಸೆಟೆದದ್ದನ್ನು ಅಡುಗೆಮನೆಯಲ್ಲಿ ಕರಗಿಸಿ ಮತ್ತೆ ಎರಕ ಹೊಯ್ಯಲು ಹೋಗಬೇಡಿ. ಸುಟ್ಟ ಪಿವಿಸಿಯ ಹೊಗೆ ಎದೆಗೆ ವಿಷ.

ಇಷ್ಟೆಲ್ಲ ಯಾರಿಗಾಗಿ ಎಂದರೆ, ಕೊರಮೀನಿಗಾಗಿ. ತಮಿಳಿನವರಿಗೆ ಅದು ವಿರಾಲ್. ಗಡಿಯ ನಾವು ತೆಲುಗಿನವರಂತೆ ಕೊರಮೀನು ಎಂದೇ ಅನ್ನುತ್ತೇವೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ಕೆರೆ ಬತ್ತಿದರೆ ಕೆಸರಿನೊಳಗೆ ಸೇರಿ, ಉಳಿದ ತೇವದಲ್ಲೇ ಮಳೆಗೆ ಕಾಯುತ್ತದೆ. ಜೊಂಡಿನ ಮೇಲೆ ರಬ್ಬರ್ ಕಪ್ಪೆ ಕುಪ್ಪಳಿಸಿದಾಗ ಅದು ಎರಗುವ ಸದ್ದಿಗೆ ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ಕೆಂಪು ಮರಿಗಳ ಗುಂಪು ನೀರ ಮೇಲೆ ಕಂಡರೆ ಮಾತ್ರ ನಾನು ಗಾಳ ಬೀಸುವುದಿಲ್ಲ. ಕೆಳಗೆ ತಂದೆತಾಯಿ ಕಾವಲಿರುತ್ತವೆ.

ಅಂಥ ಮೀನಿನ ನೀರಿಗೆ ನಾವು ಕೊಡುವುದೇನು? ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳೆ ಹೊತ್ತು ಕೆಲವರಪಳ್ಳಿ ಜಲಾಶಯಕ್ಕೆ ಬಂದು ಬೆಳ್ಳಗೆ ನೊರೆ ಕಾರುತ್ತದೆ. ಅದನ್ನು ತಡೆಯುವುದು ನನ್ನೊಬ್ಬನ ಕೈಲಿಲ್ಲ. ಹರಿದ ಹುಳುವನ್ನು ನೀರಿಗೆ ಬಿಡದಿರುವುದು ನನ್ನ ಕೈಲಿದೆ. ಅದು ಕೊಳೆಯುವುದಿಲ್ಲ, ನುಂಗಿದ ಮೀನಿನ ಹೊಟ್ಟೆಯಲ್ಲಿ ಉಳಿದುಬಿಡಬಹುದು. ನನ್ನ ಚೀಲದಲ್ಲೀಗ ಅದಕ್ಕೆಂದೇ ಒಂದು ಖಾಲಿ ಡಬ್ಬಿ ಇದೆ. ನೀವೂ ಒಂದು ಇಟ್ಟುಕೊಳ್ಳಿ. ಏರಿಯ ಮೇಲೆ ರಬ್ಬರ್ ಹುಳು ಬಿದ್ದಿರುವುದು ಕಂಡರೆ, ನಿಮ್ಮದಲ್ಲದಿದ್ದರೂ ಎತ್ತಿ ಅದಕ್ಕೆ ಹಾಕಿ.